ತೂಕ ಕೇಳುವ ಕಾಕಾ

ಮನೆಗೆ ಬಂದ ನೆಂಟರಿಗೆ ಚಹಾ ಬೇಕೇ ಎಂದು ಕೇಳುವವರನ್ನು ನೀವು ನೋಡಿದ್ದೀರಿ. ಊಟ ಆಯಿತೇ ಎಂದು ಕೇಳುವವರನ್ನೂ ನೋಡಿದ್ದೀರಿ. ತೂಕ ಎಷ್ಟು ಎಂದು ಕೇಳುವವರನ್ನು ನೋಡಬೇಕಾದರೆ ಮಾತ್ರ ಶಹಾಪುರದಲ್ಲಿ ಸುರಪುರದ ಬಸ್ಸು ಹತ್ತಿ, ಕಾಲುವೆ ದಾಟಿದ ಮೇಲೆ ಸಿಗುವ ನಮ್ಮೂರಿನಲ್ಲಿ ಇಳಿದು, ನಮ್ಮ ಕಾಕಾನ ಹೊಲಕ್ಕೇ ಬರಬೇಕು!

ಕಾಕಾ ಎಂದರೆ ನಮ್ಮಪ್ಪನ ಒಬ್ಬನೇ ತಮ್ಮ. ಒಡ್ಡಿನ ಮೇಲೆ ನಿಂತು, ಬಂದವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚಪ್ಪಲಿ ಬಿಡಿಸಿ, ತೂಕ ಕೇಳಿ, ಆಮೇಲೆ ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಮಳೆ ಬಂದ ಮರುದಿನವಂತೂ ನಾಯಿಗೂ ಪ್ರವೇಶವಿಲ್ಲ. ಹಸಿ ಮಣ್ಣನ್ನು ತುಳಿದರೆ ಅದರ ಉಸಿರು ಕಟ್ಟುತ್ತದಂತೆ. ಒಮ್ಮೆ ಪಂಚಾಯಿತಿ ಚುನಾವಣೆಗೆ ನಿಂತ ದೊಡ್ಡ ಮೈಯ ಯಜಮಾನರೊಬ್ಬರು ಮತ ಕೇಳಲು ಬಂದವರು ಒಡ್ಡಿನಿಂದಲೇ ಕೈಮುಗಿದು ಹೋಗಬೇಕಾಯಿತು. ಇಷ್ಟೆಲ್ಲ ಶಿಸ್ತಿನ ಮನುಷ್ಯ ತನ್ನ ಹೆಂಡತಿ, ನಮ್ಮ ಕಾಕುವಿನ ತೂಕವನ್ನು ಮಾತ್ರ ಇವತ್ತಿನವರೆಗೆ ಕೇಳಿಲ್ಲ. ಅಷ್ಟು ಧೈರ್ಯ ಅವನಿಗೆಲ್ಲಿಂದ ಬರಬೇಕು?

ಆದರೆ ನಮ್ಮವ್ವನ ವಿಷಯದಲ್ಲಿ ಆ ವಿವೇಕ ಅವನಿಗೆ ಉಳಿಯಲಿಲ್ಲ. ಅವ್ವ ಸ್ವಲ್ಪ ಸ್ಥೂಲಕಾಯದವಳು. ಬುತ್ತಿ ಹೊತ್ತು ಬಿಸಿಲಲ್ಲಿ ಬಂದವಳಿಗೆ ಕಾಕಾ ವಿನಯದಿಂದಲೇ ಹೇಳಿದ್ದು ಇಷ್ಟು: “ವೈನಿ, ನೀವು ಒಡ್ಡಿನ ಮ್ಯಾಲೇ ನಿಂದ್ರಿ. ನಾನೇ ಬಂದು ತಗೋತೀನಿ.” ಅವ್ವ ಬುತ್ತಿಯನ್ನು ಅವನ ಕೈಗಿಟ್ಟು ಮನೆಗೆ ತಿರುಗಿದಳು. ಮರುದಿನದಿಂದ ಕಾಕಾನ ಬುತ್ತಿಯಲ್ಲಿ ಒಂದು ರೊಟ್ಟಿ ಕಡಿಮೆಯಾಯಿತು. ಯಾಕೆಂದು ಕೇಳುವ ಧೈರ್ಯವೂ ಅವನಿಗಾಗಲಿಲ್ಲ.

ಹುಟ್ಟಿದಾಗಿನಿಂದ ಕಾಕಾ ಹೀಗಿರಲಿಲ್ಲ. ಎಲ್ಲರಂತೆ ಅವನೂ ಕಾಲುವೆ ನೀರು ಬಿಟ್ಟ ಕೂಡಲೇ ಟ್ರ್ಯಾಕ್ಟರ್ ಇಳಿಸಿ, ಕೆಸರು ಮಾಡಿ, ಭತ್ತ ನಾಟಿ ಮಾಡಿಸುತ್ತಿದ್ದವನೇ. ಕೆಟ್ಟದ್ದು ಒಂದು ತರಬೇತಿಯಿಂದ. ಅಲ್ಲಿ ಕೃಷಿ ಅಧಿಕಾರಿಯೊಬ್ಬರು ಭತ್ತದ ಗದ್ದೆಯಲ್ಲಿ ಕಬ್ಬಿಣದ ಸರಳೊಂದನ್ನು ಊರಿ ತೋರಿಸಿದರಂತೆ. ಸರಳು ಗೇಣು ಆಳಕ್ಕೆ ಸಲೀಸಾಗಿ ಇಳಿದು ಟಕ್ಕೆಂದು ನಿಂತಿತಂತೆ. ವರ್ಷ ವರ್ಷ ನೀರಿನಲ್ಲಿ ಭಾರದ ಗಾಲಿ ತಿರುಗಿ ತಿರುಗಿ ಮೇಲೆ ಬೆಣ್ಣೆಯಂಥ ಕೆಸರಾದರೂ ಕೆಳಗೆ ಹಲಗೆಯಂಥ ಒಂದು ಗಟ್ಟಿ ಪದರ ಕೂತುಬಿಡುತ್ತದೆ, ಭತ್ತದ ನಂತರ ಹಾಕಿದ ಪೈರಿನ ಬೇರು ಅದನ್ನು ದಾಟಲಾರದೆ ಅಲ್ಲೇ ಒದ್ದಾಡುತ್ತದೆ ಎಂದು ವಿವರಿಸಿದರಂತೆ. ಉಳಿದವರೆಲ್ಲ ಅಲ್ಲಿ ಕೊಟ್ಟ ಊಟ ಮಾಡಿ ಊರಿಗೆ ಬಂದರು. ನಮ್ಮ ಕಾಕಾ ಊಟ ಬಿಟ್ಟು ನೇರವಾಗಿ ಕಮ್ಮಾರನ ಮನೆಗೆ ಹೋಗಿ ಒಂದು ಸರಳು ಮಾಡಿಸಿಕೊಂಡು ಬಂದ!

ಅಂದಿನಿಂದ ಆ ಸರಳು ಇಳಿಯದ ಜಾಗವಿಲ್ಲ. ಶಾಲೆಯ ಮೈದಾನದಲ್ಲಿ ಊರಿದ, ಮುದನಾಳದ ನೆಂಟರ ಹಿತ್ತಲಲ್ಲಿ ಊರಿದ, ತಿಂಥಣಿಯಲ್ಲಿ ಗುಡಿಗೆ ಹೋದವನು ಕೃಷ್ಣೆಯ ದಂಡೆಯಲ್ಲೂ ಊರಿದ. ದೇವರ ದರ್ಶನ ಹೇಗಾಯಿತು ಎಂದು ಕೇಳಿದರೆ ದಂಡೆಯ ಮಣ್ಣು ಬಹಳ ಮೆತ್ತಗಿದೆ ಎಂದ.

ಇದೆಲ್ಲ ಹೋಗಲಿ, ನನ್ನ ಮದುವೆಯ ಮಾತುಕತೆಗೂ ಸರಳು ತಂದಿದ್ದನಲ್ಲ, ಅದಕ್ಕೇನು ಹೇಳುತ್ತೀರಿ? ಕೆಂಭಾವಿಯಲ್ಲಿ ಹುಡುಗನ ಮನೆ ನೋಡಲು ಹಿರಿಯರು ಹೋಗಿದ್ದರು. ಎಲ್ಲರೂ ಹುಡುಗನನ್ನು ನೋಡುತ್ತಿದ್ದಾಗ ಕಾಕಾ ಹಿಂದಿನ ಬಾಗಿಲಿನಿಂದ ಹೊರಬಿದ್ದು ಅವರ ಗದ್ದೆ ನೋಡಿ ಬಂದ. ಚಹಾದ ಹೊತ್ತಿಗೆ ಮಣ್ಣು ಮೆತ್ತಿದ ಸರಳಿನೊಂದಿಗೆ ಬಂದು ಕೂತವನನ್ನು ಹುಡುಗನ ತಂದೆ, ಮನೆ ಮನಸ್ಸಿಗೆ ಬಂತೇ ಎಂದು ಕೇಳಿದರು.

“ಮನಿ ಛಲೋ ಅದರಿ, ಹುಡುಗನೂ ಛಲೋ ಅದಾನ. ಆದ್ರ ಹೊಲದಾಗ ಗೇಣು ಕೆಳಗ ಬರೇ ಕಲ್ಲಾಗ್ಯಾದ ನೋಡ್ರಿ” ಎಂದ ಕಾಕಾ.

ಅಪ್ಪ ನೆಲದ ಪರಸಿಕಲ್ಲನ್ನೇ ನೋಡುತ್ತಾ ಕೂತನಂತೆ. ಆಗ ಹುಡುಗ, ಹಾಗಾದರೆ ಅದನ್ನು ಒಡೆಯುವುದು ಹೇಗೆ ಎಂದು ಕೇಳಿಬಿಟ್ಟ. ಅಲ್ಲಿಗೆ ಸಂಬಂಧ ಕುದುರಿತು! ಭತ್ತದ ಮೇಲೆ ಭತ್ತ ಹಾಕುವುದನ್ನು ಬಿಟ್ಟು ಒಂದು ವರ್ಷ ತೊಗರಿ ಹಾಕಿದರೆ ತೊಗರಿಯ ಬೇರೇ ಆ ಪದರವನ್ನು ಸೀಳುತ್ತದೆ ಎಂದು ಕಾಕಾ ಭಾವಿ ಅಳಿಯನಿಗೆ ಬಸ್ಸು ತಪ್ಪುವವರೆಗೆ ಪಾಠ ಮಾಡಿದ. ನಮ್ಮ ಮನೆಯವರು ಇಂದಿಗೂ ನನ್ನನ್ನು ರೇಗಿಸುತ್ತಾರೆ, ತಮಗೆ ಹೆಣ್ಣು ಸಿಕ್ಕಿದ್ದು ತೊಗರಿಯ ಕೃಪೆಯಿಂದ ಎಂದು.

ಹೊರಗಿನವರನ್ನು ಒಲಿಸಿಕೊಂಡ ಕಾಕಾಗೆ ಒಲಿಯದೆ ಉಳಿದವನು ನಮ್ಮಪ್ಪ ಒಬ್ಬನೇ. ಅಣ್ಣತಮ್ಮಂದಿರ ಹೊಲದ ನಡುವೆ ಇರುವುದು ಒಂದೇ ಒಡ್ಡು. ಒಡ್ಡಿನ ಆಚೆ ಅಪ್ಪ ಭತ್ತ ಕೊಯ್ದ ಕೂಡಲೇ ಕೂಳೆಗೆ ಬೆಂಕಿ ಹಚ್ಚಿ, ರೋಟವೇಟರ್ ಹೊಡೆಸಿ, ನೆಲವನ್ನು ಹಿಟ್ಟಿನಂತೆ ಮಾಡಿಸುತ್ತಿದ್ದ. ಈಚೆ ಕಾಕಾ ಕೆಸರನ್ನೇ ಬಿಟ್ಟು ಕೂರಿಗೆಯಿಂದ ಒಣನೆಲದಲ್ಲಿ ಭತ್ತ ಬಿತ್ತಿದ. ಕೊಯ್ಲಾದ ಮೇಲೆ ನೇಗಿಲು ಮುಟ್ಟಿಸದೆ ಕೂಳೆಯ ನಡುವೆಯೇ ಕಡಲೆ ಊರಿ ಮೇಲೆ ಹುಲ್ಲು ಹರಡಿದ. ಮೊದಲ ವರ್ಷ ಕಡಲೆಗಿಂತ ಕಳೆಯೇ ಚೆನ್ನಾಗಿ ಬಂತೆಂಬುದನ್ನು ಮುಚ್ಚಿಡುವುದೇಕೆ? ಊರವರು ಬಂದು ನೋಡಿ ನಕ್ಕು ಹೋದರು. ಕಾಕಾ ಮಾತ್ರ ಹುಲ್ಲು ಸರಿಸಿ ಎರೆಹುಳು ತೋರಿಸುತ್ತಿದ್ದ, ತೊಟ್ಟಿಲಲ್ಲಿರುವ ಮೊಮ್ಮಗನನ್ನು ತೋರಿಸುವಂತೆ.

ಅಪ್ಪನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. “ಹೊಲ ಅಂದ್ರ ಹೊಲದಂಗ ಇರಬೇಕು. ಗಡ್ಡ ಬಿಟ್ಟು ಕುಂತಂಗ ಕಾಣ್ತದ. ಮಂದಿ ನಮ್ಮನ್ನ ಮೈಗಳ್ಳರು ಅಂತಾರ” ಎಂದ. ಕಾಕಾನ ಪಾಲಿನ ಜಮೀನೂ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮುಂದಿನ ಹಂಗಾಮಿಗೆ ಒಡ್ಡು ಕಿತ್ತು, ಎರಡೂ ಕಡೆ ಒಂದೇ ಸಲ ಟ್ರ್ಯಾಕ್ಟರ್ ಹೊಡೆಸುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ.

ನಮಗೆ ನಗು ಬರುತ್ತಿತ್ತು, ಕಾಕಾಗೆ ನಿದ್ದೆ ಬರುತ್ತಿರಲಿಲ್ಲ. ಇಷ್ಟು ವರ್ಷ ಹಸುಗೂಸಿನಂತೆ ಕಾಪಾಡಿದ ಮಣ್ಣು ಕೆಸರಲ್ಲಿ ಗಾಲಿ ತಿರುಗಿದರೆ ಒಂದೇ ಮಧ್ಯಾಹ್ನದಲ್ಲಿ ಮೊದಲಿನಂತಾಗುತ್ತಿತ್ತು. ಟ್ರ್ಯಾಕ್ಟರ್ ಬಂದ ದಿನ ಅವನು ಜಗಳ ಮಾಡಲಿಲ್ಲ. ಹೊಲದ ನಡುವೆ ಕೌದಿ ಹಾಸಿ ಕೂತು, ಡ್ರೈವರನನ್ನು ಎಂದಿನಂತೆ ವಿಚಾರಿಸಿದ, “ನಿನ್ನ ಗಾಡಿ ತೂಕ ಎಷ್ಟದಪ್ಪಾ?” ಡ್ರೈವರ್ ಅಪ್ಪನ ಮುಖ ನೋಡಿದ, ಕಾಕಾನ ಮುಖ ನೋಡಿದ, ಗಾಡಿ ತಿರುಗಿಸಿಕೊಂಡು ಹೋದ.

ಹೊಲ ಉಳಿಯಿತು, ಮಾತು ನಿಂತಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಏನಾದರೂ ಹೇಳಲೇಬೇಕಾದರೆ ನಡುವೆ ಒಡ್ಡಿನ ಮೇಲೆ ಅವ್ವ ನಿಲ್ಲಬೇಕಾಗಿತ್ತು. ಒಡ್ಡಿನ ಮೇಲೆ ನಿಂತು ಅವಳಿಗೆ ಮೊದಲೇ ರೂಢಿಯಿತ್ತಲ್ಲ!

ಆ ವರ್ಷವೇ ಅಪ್ಪನಿಗೆ ಲಕ್ವಾ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಬಲಗಾಲು ಎಳೆಯತೊಡಗಿತು, ಮಾತು ತೊದಲಿತು. ದಿನವೂ ನಡೆದರೆ ಕಾಲು ಬರುತ್ತದೆ, ಕೂತರೆ ಕೂತಂತೆಯೇ ಎಂದರು ಡಾಕ್ಟರು. ಎಲ್ಲಿ ನಡೆಯಬೇಕು? ಅಂಗಳದ ಪರಸಿಯಲ್ಲಿ ಜಾರಿ ಬಿದ್ದ. ಸಿಮೆಂಟ್ ರಸ್ತೆಯಲ್ಲಿ ಮೊಣಕಾಲು ಒಡೆದುಕೊಂಡ. ಅವನ ಹೊಲದಲ್ಲಂತೂ ಕೊಯ್ಲಾದ ಮೇಲೆ ಎರೆಮಣ್ಣು ಒಣಗಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಿತ್ತು. ಕೊನೆಗೆ ನಡೆಯುವುದೇ ಬೇಡವೆಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟ. ವಾರವಿಡೀ ಯಾದಗಿರಿಯ ಶಾಲೆಯಲ್ಲಿ ಪಾಠ ಮಾಡಿ ನಾನು ಭಾನುವಾರ ತವರಿಗೆ ಬಂದಾಗಲೆಲ್ಲ ಅದೇ ಬೆನ್ನು ಕಾಣುತ್ತಿತ್ತು. ನನಗೆ ತುಂಬಾ ಹೆದರಿಕೆಯಾಗಿತ್ತು.

ಅಂಥದೊಂದು ಭಾನುವಾರ ಬೆಳಿಗ್ಗೆ ಕಾಕಾ ಬಂದ. ಯಾರನ್ನೂ ಕೇಳಲಿಲ್ಲ. ಅಪ್ಪನನ್ನು ಎಬ್ಬಿಸಿ, ಮೋಟಾರ್ ಸೈಕಲ್ಲಿನಲ್ಲಿ ಕೂರಿಸಿಕೊಂಡು, ಹಿಂದೆ ಹಿಡಿದುಕೊಳ್ಳಲು ನನ್ನನ್ನೂ ಹತ್ತಿಸಿಕೊಂಡು ಹೊಲಕ್ಕೆ ಹೊಡೆದ. ಭತ್ತ ಕೊಯ್ದು ಆಗಿತ್ತು, ಹುಲ್ಲು ಹರಡಿತ್ತು, ಕಡಲೆ ಇನ್ನೂ ಊರಿರಲಿಲ್ಲ. ಒಡ್ಡಿನ ಮೇಲೆ ಅಪ್ಪನ ಚಪ್ಪಲಿ ತಾನೇ ಬಿಚ್ಚಿ ಪಕ್ಕಕ್ಕಿಟ್ಟ. ತನ್ನ ಸರಳನ್ನು ಅಪ್ಪನ ಕೈಗೆ ಊರುಗೋಲಾಗಿ ಕೊಟ್ಟ.

ಅಪ್ಪ ಇಳಿಯಲಿಲ್ಲ. ಹುಲ್ಲು ಹಾಸಿದ ನೆಲವನ್ನೂ ತಮ್ಮನನ್ನೂ ನೋಡುತ್ತಾ ನಿಂತು, ತೊದಲುತ್ತಲೇ ಕೇಳಿದ, “ನನ್ನ ತೂಕ... ಕೇಳಂಗಿಲ್ಲೇನು?”

ಕಾಕಾ ಅಣ್ಣನ ರಟ್ಟೆ ಹಿಡಿದ. “ತುಳಿ ಅಣ್ಣಾ” ಎಂದ. “ಇಲ್ಲಿ ಮೆತ್ತಗದ, ಬಿದ್ರೂ ಬಡಿಯಂಗಿಲ್ಲ. ನೀ ತುಳಿ.”

ಅಪ್ಪ ಇಳಿದ. ಬಲಗಾಲು ಹುಲ್ಲಿನ ಮೇಲೆ ಗೀರು ಎಳೆಯುತ್ತಾ ಹೋಯಿತು. ಆ ಬದಿಯ ಒಡ್ಡಿನವರೆಗೆ ಹೋಗಿ ಇಬ್ಬರೂ ತಿರುಗಿ ಬಂದರು. ನಾನು ಅಪ್ಪನ ಚಪ್ಪಲಿ ಎದೆಗವಚಿಕೊಂಡು ಒಡ್ಡಿನ ಮೇಲೆ ನಿಂತು ಅತ್ತುಬಿಟ್ಟೆ.

ಅಂದಿನಿಂದ ದಿನವೂ ಅದೇ ದಾರಿ, ಮಳೆ ಬಂದ ಮರುದಿನವೂ. ಈಗ ಅಪ್ಪ ಊರುಗೋಲಿಲ್ಲದೆ ನಡೆಯುತ್ತಾನೆ. ಆಚೆ ತನ್ನ ಹೊಲದಲ್ಲಿ ಟ್ರ್ಯಾಕ್ಟರನ್ನೇನೂ ಬಿಟ್ಟಿಲ್ಲ, ಆ ವಾದ ಇನ್ನೂ ನಡೆದೇ ಇದೆ, ಈಗ ಬಾಯಿಬಿಟ್ಟು ನಡೆದಿದೆ. ಅವ್ವ ಕೂಡ ಅದೇ ಕಾಲುದಾರಿಯಲ್ಲಿ ಹೊಲದ ನಡುವಿನವರೆಗೆ ಬುತ್ತಿ ತರುತ್ತಾಳೆ. ಯಾರೂ ತೂಕ ಕೇಳುವುದಿಲ್ಲ. ರೊಟ್ಟಿ ಒಂದು ಹೆಚ್ಚಾಗಿದೆ.

ಈ ವರ್ಷ ಕಾಕಾನ ಹೊಲದಲ್ಲಿ ಕಡಲೆ ಅಪ್ಪನ ದಾರಿಯ ಎರಡೂ ಬದಿಗೆ ಬಂದಿದೆ, ದಾರಿಯಲ್ಲಿ ಒಂದು ಗಿಡವೂ ಇಲ್ಲ. ತುಳಿದು ತುಳಿದು ಅದು ರಸ್ತೆಯಂತೆ ಗಟ್ಟಿಯಾಗಿದೆ. ಮೊನ್ನೆ ಹೋದಾಗ ಕಾಕಾ ಸರಳು ಹಿಡಿದು ಹೊಲದ ತುಂಬ ಮಣ್ಣು ನೋಡುತ್ತಾ ಬರುತ್ತಿದ್ದ. ಒಂದೊಂದು ಹೆಜ್ಜೆಗೂ ಊರುವುದು, ಕೀಳುವುದು, ಮತ್ತೆ ಊರುವುದು. ಅಪ್ಪನ ದಾರಿ ಬಂದಾಗ ಸರಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಅದನ್ನು ದಾಟಿದ ಮೇಲೆ ಮತ್ತೆ ಊರಿದ.