ಬಿಂದೊನ ಮೂಗಿಗೆ ಬೆಳಕು

ಜಗಳ ಶುರುವಾದದ್ದು ಬಿಂದೊನ ಮೂಗಿನಿಂದ.

ಸಿಯೆನಾ ಊರಿನ ಒಂದು ಬೀದಿಯ ಭಕ್ತ ಸಂಘಕ್ಕೆ ಬಿಂದೊ ಮುಖ್ಯಸ್ಥ. ಕಸುಬು ಮೇಣದಬತ್ತಿ ಮಾಡುವುದು. ಯೇಸು ಹುಟ್ಟಿದ ಚಿತ್ರ ಬರೆದು, ಅದರಲ್ಲಿ ಕುರಿಕಾಯುವವರಿಗೆ ಸಂಘದ ಹಿರಿಯರ ಮುಖಗಳನ್ನೇ ಇಡುತ್ತೇನೆಂದು ಚಿತ್ರಕಾರ ಲಾಪೊ ಒಪ್ಪಿದ್ದ. ನಾಳೆ ಕ್ರಿಸ್ಮಸ್. ಇವತ್ತು ಬೆಳಿಗ್ಗೆ ಚಿತ್ರ ಇಗರ್ಜಿಯ ಪೀಠದ ಮೇಲೆ ಏರಿದ್ದೇ ತಡ, ಬಿಂದೊ ನೋಡಲು ಬಂದ. ಚಿತ್ರದಲ್ಲಿ ಅವನ ಮೂಗು ಕತ್ತಲಲ್ಲಿತ್ತು.

“ಏನಪ್ಪಾ ಲಾಪೊ, ಊರಿಗೆಲ್ಲ ಬೆಳಕು ಮಾರೋನು ನಾನು. ನನ್ನ ಮುಖಕ್ಕೇ ಮಸಿಯಾ?”

“ಬೆಳಕು ಮಗುವಿನ ಮೈಯಿಂದ ಬರ್ತಿದೆ ಸ್ವಾಮಿ. ದೀಪ ಇಲ್ಲ, ಚಂದ್ರ ಇಲ್ಲ. ನೀವು ನಿಂತಿರೋದು ಕತ್ತೆಯ ಹಿಂದೆ.”

“ಕತ್ತೆಯ ಹಿಂದೆ ನಿಲ್ಲಿಸಿದ್ಯಾರು?”

ಲಾಪೊ ಹಲ್ಲು ಕಚ್ಚಿದ. ಆರು ತಿಂಗಳು ಬೇರೆ ಯಾವ ಕೆಲಸವನ್ನೂ ಒಪ್ಪದೆ ಆ ಒಂದೇ ಬೆಳಕಿನ ಬೆನ್ನು ಬಿದ್ದಿದ್ದ. ಹುಲ್ಲಿನ ಮೇಲಿನ ಕೂಸಿನಿಂದ ಅದು ಹಾಲಿನಂತೆ ಉಕ್ಕಿ, ತಾಯಿಯ ಗಲ್ಲಕ್ಕೆ ಹತ್ತಿ, ನಗುವೋ ಅಳುವೋ ತಿಳಿಯದ ಅವಳ ತುಟಿಯ ಮೇಲೆ ನಿಂತಿತ್ತು. ಇನ್ನೊಂದು ಹನಿ ಬಿಳಿ ಬಣ್ಣ ಬೇರೆಲ್ಲಾದರೂ ಬಿದ್ದರೆ ಆ ತುಟಿ ಸತ್ತಂತೆಯೇ.

ಅಷ್ಟರಲ್ಲಿ ಸಂಘದ ಇನ್ನೊಬ್ಬ ಹಿರಿಯಳು, ರೊಟ್ಟಿ ಅಂಗಡಿಯ ಜಿನೆವ್ರಾ ಬಂದಳು. ಚಿತ್ರದಲ್ಲಿ ಅವಳಿಗೆ ಬೆಳಕೇನೋ ಸಿಕ್ಕಿತ್ತು. ಕಣ್ಣು ಕೋರೈಸಿ ಕೈ ಅಡ್ಡ ಹಿಡಿದಿದ್ದಳು.

“ಅಯ್ಯೋ ನಿನ್ನ ಕೈ ಸೇದಿಹೋಗ! ನಿಂಬೆಹಣ್ಣು ಕಚ್ಚಿದ ಕೋತಿ ಹಾಗೆ ಬರೆದಿದ್ದೀಯಲ್ಲೋ! ಕುತ್ತಿಗೆ ಬೇರೆ ಕೊಕ್ಕರೇದು! ತಾಯಿಯ ಪಕ್ಕದ ಜೋಸೆಫನ ಕೈಗೊಂದು ಲಾಂದ್ರ ಕೊಡು, ಎಲ್ಲರೂ ನೆಟ್ಟಗೆ ಕಾಣ್ತೀವಿ.”

“ನೀವೇನು ದೇವರ ಮುಖ ನೋಡೋಕೆ ಬಂದಿರೋ, ನಿಮ್ಮ ಮುಖ ತೋರಿಸೋಕೆ ಬಂದಿರೋ?” ಲಾಪೊ ಕಿರುಚಿದ.

ಅವನು ಮತ್ತೆ ಚಿತ್ರದ ಕಡೆ ತಿರುಗುವಷ್ಟರಲ್ಲಿ ಬಿಂದೊ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿಕೊಂಡು ಏಣಿ ಹತ್ತಿದ್ದ. ಲಾಪೊ ಅವನ ಕಾಲು ಹಿಡಿದೆಳೆದ. ಜಿನೆವ್ರಾ ಲಾಪೊನ ಕೂದಲು ಹಿಡಿದೆಳೆದಳು. ಏಣಿ ಜಾರಿ ಮೂವರೂ ಹಿಟ್ಟಿನ ಮೂಟೆಗಳಂತೆ ಉರುಳಿದರು. ಮೂಗಿಗೆಂದು ಹೊರಟ ಬಿಳಿ ಕತ್ತೆಯ ಕಿವಿಗೆ ಬಿದ್ದು, ಕತ್ತೆ ಸಂತನಂತೆ ಹೊಳೆಯಿತು.

ಗಲಾಟೆ ಕೇಳಿ ಪಾದ್ರಿ ತಾದ್ದೆಯೊ ಓಡಿಬಂದರು.

“ಗುರುಗಳೇ, ಇವರು ಮಗುವಿನ ಬೆಳಕು ಕದೀತಿದ್ದಾರೆ!” ಲಾಪೊ ತನ್ನ ತೋಳಿನಿಂದಲೇ ಕತ್ತೆಯ ಕಿವಿ ಒರೆಸುತ್ತಾ ಬೊಬ್ಬೆ ಹಾಕಿದ.

ಪಾದ್ರಿ ಚಿತ್ರ ನೋಡಿದರು. ಬಹಳ ಹೊತ್ತು ನೋಡಿದರು. ಕಣ್ಣೊರೆಸಿಕೊಂಡು, “ಇದನ್ನ ಯಾರೂ ಮುಟ್ಟಕೂಡದು” ಎಂದರು.

ಲಾಪೊ ಬಿಂದೊನ ಕಡೆ ನೋಡಿ ಮೀಸೆ ತಿರುವಿದ.

“ಮುಟ್ಟೋದಿರಲಿ,” ಪಾದ್ರಿ ಮುಂದುವರಿಸಿದರು, “ಇಂಥ ಬೆಳಕನ್ನ ದಿನಾ ನೋಡೋದೂ ಪಾಪ. ದೊಡ್ಡ ಇಗರ್ಜಿಯ ಮಾತೆಯ ಚಿತ್ರಕ್ಕೆ ಇರೋ ಹಾಗೆ ಇದಕ್ಕೂ ಪರದೆ ಹಾಕೋಣ. ವರ್ಷಕ್ಕೊಂದು ಸಲ, ಕ್ರಿಸ್ಮಸ್ಸಿಗೆ ಸರಿಸಿದರಾಯ್ತು.”

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

“ಬೋಳು ಪರದೆ ಚೆನ್ನಾಗಿರಲ್ಲ ಗುರುಗಳೇ,” ಬಿಂದೊ ಮೂಗು ಸವರಿಕೊಂಡ. “ಅದರ ಮೇಲೆ ಸಂಘದ ಹಿರಿಯರನ್ನ ಬರೆಸಿದರೆ?”

“ಆಗಲಿ, ಲಾಪೊನೇ ಬರೀಲಿ,” ಎಂದರು ಪಾದ್ರಿ. “ ಬೆಳಕು ಬಲ್ಲವರು ಅವನಷ್ಟು ಇನ್ಯಾರಿದ್ದಾರೆ?”

ಲಾಪೊ ಮೀಸೆಯಿಂದ ಕೈ ಇಳಿಸಿದ. “ಬೆಳಕು… ಎಲ್ಲಿಂದ ಬರಬೇಕು?”

“ಅದಕ್ಯಾಕೆ ಯೋಚನೆ?” ಎಂದ ಬಿಂದೊ. “ಒಬ್ಬೊಬ್ಬರ ಕೈಗೂ ಒಂದೊಂದು ಮೇಣದಬತ್ತಿ ಕೊಡು. ನಂದು ಮಾತ್ರ ಸ್ವಲ್ಪ ದಪ್ಪ ಇರಲಿ.”