ಕಲಹರಿಯ ಅಂಚಿನ ವರ

ನನ್ನ ಜೊತೆ ಓದಿದವರಿಗೆ ಪ್ರವಾಸದಲ್ಲಿ ಒಳ್ಳೊಳ್ಳೆಯ ಅನುಭವಗಳಾಗುತ್ತವೆ. ನನಗೆ ಆಗುವುದು ಇಂಥವು. ನಿಲ್ಲುವ ಲಕ್ಷಣ ಕಾಣದಿರುವುದರಿಂದ, ಈವರೆಗೆ ಆದದ್ದನ್ನು ಆದ ಕ್ರಮದಲ್ಲೇ ಬರೆದಿದ್ದೇನೆ.

೧. ಪರ್ತ್ ದಾಟಿ

ತೊಂಬತ್ತರ ದಶಕದ ಆರಂಭ. ಮೆಲ್ಬರ್ನಿನಲ್ಲಿ ಮಣ್ಣುವಿಜ್ಞಾನದ ಎಂ.ಎಸ್‌ಸಿ. ಮುಗಿಸಿದ್ದೆ. ಅಲ್ಲೇ ನೆಲೆಸಲು ಪಿಆರ್ ಇತ್ತು, ಕೆಲಸ ಇರಲಿಲ್ಲ. ಈಗ ಆಸ್ಟ್ರೇಲಿಯಾದಲ್ಲಿ ಯಾರಿಗೂ ಕೆಲಸ ಇಲ್ಲ ಎಂದು ನನ್ನ ಫ್ಲಾಟ್‌ಮೇಟ್ ಸಮಾಧಾನ ಹೇಳುತ್ತಿದ್ದ. ಅವನಿಗೆ ಇತ್ತು. ಕೊನೆಗೆ ನನಗೆ ಸಿಕ್ಕಿದ್ದು ಆಫ್ರಿಕಾದ ದಕ್ಷಿಣಕ್ಕೆ, ಬೋಟ್ಸ್ವಾನಾದಲ್ಲಿ, ಕಲಹರಿ ಮರುಭೂಮಿಯ ಅಂಚಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ. ಎರಡು ವರ್ಷದ ಕಾಂಟ್ರ್ಯಾಕ್ಟ್.

ಅದೇ ವಾರ ಸಿಡ್ನಿಯಿಂದ ಚಿಕ್ಕಪ್ಪನ ಫೋನ್ ಬಂತು. "ಒಂದು ಹುಡುಗಿ ಇದ್ದಾಳೆ. ಪ್ಯಾರಮಟಾದಲ್ಲಿ ಮನೆ. ಅಪ್ಪ ಡಾಕ್ಟರು, ಮೈಸೂರಿನವರು. ಹುಡುಗಿ ಫಾರ್ಮಸಿ ಕೊನೇ ವರ್ಷ. ಬಂದು ನೋಡ್ಕೊಂಡು ಹೋಗು. ಆಫ್ರಿಕಾ ವಿಷಯ ಮಾತ್ರ ನೀನಾಗಿ ಎತ್ತಬೇಡ."

ನಾನಾಗಿ ಎತ್ತಲಿಲ್ಲ. ಉಪ್ಪಿಟ್ಟು ಬಡಿಸುತ್ತಾ ಹುಡುಗಿಯ ತಾಯಿಯೇ "ಮುಂದೇನು ಪ್ಲ್ಯಾನು?" ಎಂದು ಕೇಳಿದರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಅಭ್ಯಾಸ.

"ಬೋಟ್ಸ್ವಾನಾಕ್ಕೆ ಹೋಗ್ತಿದ್ದೀನಿ, ಆಂಟಿ."

"ಅದು ಎಲ್ಲಿ ಬರತ್ತೆ? ಪರ್ತ್ ಕಡೇನಾ?"

"ಪರ್ತ್ ದಾಟಿ ಇನ್ನೂ ಮುಂದೆ."

ಚಿಕ್ಕಪ್ಪ ಕೆಮ್ಮಿದರು. ಡಾಕ್ಟರು ಎದ್ದು ಹೋಗಿ ಅಟ್ಲಾಸ್ ತಂದರು. ಅವರ ಬೆರಳು ಪರ್ತ್ ದಾಟಿ, ಸಮುದ್ರ ದಾಟಿ, ಆಫ್ರಿಕಾದ ಮೇಲೆ ಹೋಗಿ ನಿಂತಿತು.

"ಅಲ್ಲಿ ಸಿಂಹ ಇರತ್ತಲ್ವೇನಪ್ಪಾ?" ಎಂದರು ತಾಯಿ.

"ಹಳ್ಳಿ ಒಳಗೆ ಇರಲ್ಲ."

"ಹಾಗಾದ್ರೆ ಹೊರಗೆ ಇರತ್ತೆ."

"ಹೌದು."

ಹುಡುಗಿ ಅಟ್ಲಾಸನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಅದೇ ಯಾಕೆ, ಬೋಟ್ಸ್ವಾನಾನೇ?" ಎಂದಳು.

"ಅಪ್ಲಿಕೇಶನ್ ಹಾಕಿದ್ದರಲ್ಲಿ ಅವರೊಬ್ಬರೇ ಉತ್ತರ ಬರೆದಿದ್ದು."

ಅವಳು ನಕ್ಕಳು. ನಾನು ಅವಳನ್ನು ಒಪ್ಪಿದ್ದು ಆಗಲೇ. ಅವಳು ನನ್ನನ್ನು ಒಪ್ಪಿದಳೋ ಇಲ್ಲವೋ ತಿಳಿಯುವ ಉಪಾಯವಿರಲಿಲ್ಲ. ಡಾಕ್ಟರು ಗೇಟಿನವರೆಗೆ ಬಂದು ತೀರ್ಮಾನ ಹೇಳಿದರು. "ಮೊದಲು ಆರು ತಿಂಗಳು ಅಲ್ಲಿ ಇದ್ದು ನೋಡಪ್ಪಾ. ಬದುಕಿ ಬಂದರೆ ಆಮೇಲೆ ಯೋಚನೆ ಮಾಡೋಣ."

ಕಾರಿನಲ್ಲಿ ಚಿಕ್ಕಪ್ಪ ಖುಷಿಯಾಗಿದ್ದರು. "ಒಳ್ಳೇ ಲಕ್ಷಣ ಕಣೋ. ಇಲ್ಲ ಅಂತ ಅಂದಿಲ್ಲ."

೨. ಪೋಸ್ಟ್ ಆಫೀಸ್ ಎಲ್ಲಿ

ಹಳ್ಳಿ ತಲುಪಿದ ಮರುದಿನ, ಕ್ಷೇಮವಾಗಿದ್ದೇನೆ ಎಂದು ಸಿಡ್ನಿಗೆ ತಿಳಿಸಲು ಹೊರಟೆ. ಮರದ ಕೆಳಗೆ ಒಬ್ಬ ಮುದುಕರು ಕುರ್ಚಿ ಹಾಕಿಕೊಂಡು ಕೂತಿದ್ದರು.

"ಪೋಸ್ಟ್ ಆಫೀಸ್ ಎಲ್ಲಿ?" ಎಂದೆ.

"ದುಮೆಲಾ, ರ್ರಾ," ಎಂದರು. ನಮಸ್ಕಾರ ಸ್ವಾಮಿ ಎಂದು ಅರ್ಥ.

ಕೇಳಿಸಿಲ್ಲವೆಂದು ಗಟ್ಟಿಯಾಗಿ ಕೇಳಿದೆ. ಅವರೂ ಅಷ್ಟೇ ಗಟ್ಟಿಯಾಗಿ ನಮಸ್ಕಾರ ಹೇಳಿದರು. ಇನ್ನೂ ಗಟ್ಟಿಯಾಗಿ ಕೇಳಿದೆ. ಅವರೂ ಬಿಡಲಿಲ್ಲ. ಗಲಾಟೆ ಕೇಳಿ ನನ್ನ ಮನೆಯೊಡತಿ ಹೊರಗೆ ಬಂದರು. ಮುಂದೆ ಅವರ ಅಂಗಡಿ, ಹಿಂದೆ ನನ್ನ ಬಾಡಿಗೆಯ ಕೋಣೆ.

"ಟೀಚರ್, ಇಲ್ಲಿ ಮೊದಲು ನಮಸ್ಕಾರ ಮಾಡಬೇಕು. ಆಮೇಲೆ ಹೇಗೆ ಎದ್ದಿರಿ ಅಂತ ಕೇಳಬೇಕು. ಆಮೇಲೆ ಮಳೆ ವಿಚಾರ. ನಿಮ್ಮ ಕೆಲಸ ಕೊನೆಗೆ."

ಕ್ರಮ ಗೊತ್ತಾದ ಮೇಲೆ ನನಗೆ ಕಷ್ಟವಿಲ್ಲ. ನಮಸ್ಕಾರ ಮಾಡಿದೆ. ಹೇಗೆ ಎದ್ದಿರಿ ಎಂದೆ. ಚೆನ್ನಾಗಿಯೇ ಎದ್ದಿದ್ದರು, ಮಂಡಿ ಮಾತ್ರ ಸ್ವಲ್ಪ ತಡವಾಗಿ ಎದ್ದಿತ್ತಂತೆ. ಮಳೆಯ ಬಗ್ಗೆ ಕೇಳಿದೆ. ಅವರ ತಂದೆಯ ಕಾಲದ ಮಳೆಯಿಂದ ಶುರುಮಾಡಿದರು. ಈ ವರ್ಷದ ಮಳೆಗೆ ಬಂದು ನಿಂತ ಮೇಲೆ ಪೋಸ್ಟ್ ಆಫೀಸ್ ಎಲ್ಲಿ ಎಂದು ಕೇಳಿದೆ.

"ನಿಮ್ಮ ಬೆನ್ನ ಹಿಂದೆಯೇ ಇದೆ," ಎಂದರು. "ಈಗ ಮುಚ್ಚಿದೆ. ನೀವು ಮೊದಲ ಸಲ ಕೇಳಿದಾಗ ತೆರೆದಿತ್ತು."

೩. ಅಳತೆಗಾಗಿ

ಮಣ್ಣುವಿಜ್ಞಾನದಲ್ಲಿ ಮೊದಲು ಕಲಿಸುವ ಪಾಠ ಒಂದಿದೆ. ನೆಲದ ಯಾವ ಫೋಟೋ ತೆಗೆದರೂ ಪಕ್ಕದಲ್ಲಿ ಅಳತೆಗೆ ಒಂದು ವಸ್ತು ಇಡಬೇಕು. ಪೆನ್ನು, ಸುತ್ತಿಗೆ, ನಾಣ್ಯ, ಏನಾದರೂ ಸರಿ. ಇಲ್ಲದಿದ್ದರೆ ನೋಡುವವರಿಗೆ ಗಾತ್ರ ತಿಳಿಯುವುದಿಲ್ಲ.

ಒಂದು ರಜೆಯಲ್ಲಿ ಶಾಲೆಯ ಪಿಕಪ್ ಗಾಡಿಯಲ್ಲಿ ಉತ್ತರಕ್ಕೆ ಹೋಗಿದ್ದೆ. ಒಣಗಿದ ನದಿಯ ಮರಳಿನಲ್ಲಿ ಸಿಂಹದ ಹೆಜ್ಜೆಯೊಂದು ಅಚ್ಚು ಹಾಕಿದಂತೆ ಬಿದ್ದಿತ್ತು. ಪೆನ್ನು ಗಾಡಿಯಲ್ಲಿತ್ತು. ಬಲಗಾಲಿನ ಶೂ ಬಿಚ್ಚಿ ಹೆಜ್ಜೆಯ ಪಕ್ಕದಲ್ಲಿಟ್ಟು ಫೋಟೋ ತೆಗೆದೆ.

ಹುಡುಗಿಯ ಮನೆಗೆ ಒಂದು ಫೋಟೋ ಕಳಿಸು ಎಂದು ಚಿಕ್ಕಪ್ಪ ಹೇಳುತ್ತಲೇ ಇದ್ದರು. ರೀಲು ತೊಳೆಸಿದಾಗ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ಅದೇ. ಹಿಂದೆ "ಗಂಡು ಸಿಂಹ, ಬಲ ಮುಂಗಾಲು, ಬೆಳಿಗ್ಗೆ" ಎಂದು ಬರೆದು ಪ್ಯಾರಮಟಾಕ್ಕೆ ಕಳಿಸಿದೆ.

ಕೆಲವು ವಾರಗಳ ಮೇಲೆ ಅಂಗಡಿಯ ಫೋನಿಗೆ ಚಿಕ್ಕಪ್ಪನ ಕರೆ ಬಂತು.

"ಯಾರು ಮಾತಾಡ್ತಿರೋದು? ನೀನೇನಾ?"

"ನಾನೇ."

"ಬದುಕಿದ್ದೀಯಾ?"

"ಇದ್ದೀನಿ."

"ಫೋಟೋ ಕಳಿಸು ಅಂದ್ರೆ ಏನೋ ಕಳಿಸಿದ್ದೀಯ? ಹುಡುಗಿ ತಾಯಿ ಅದನ್ನ ನೋಡಿ ಸೋಫಾ ಮೇಲೆ ಕೂತವರು ಎದ್ದಿಲ್ಲ. ಸಿಂಹದ ಹೆಜ್ಜೆ ಇದೆ. ನಿನ್ನ ಶೂ ಇದೆ. ನೀನಿಲ್ಲ."

"ಶೂ ಅಳತೆಗೆ ಇಟ್ಟಿದ್ದು. ನೋಡಿದ್ರೇ ಗೊತ್ತಾಗತ್ತೆ."

"ಯಾರಿಗೆ ಗೊತ್ತಾಗತ್ತೆ?"

ಯೋಚಿಸಿದೆ. "ಮಣ್ಣುವಿಜ್ಞಾನದವರಿಗೆ."

"ಅವರ ಮನೇಲಿ ಅಂಥವರು ಯಾರೂ ಇಲ್ಲ. ಡಿಸೆಂಬರ್ ರಜಕ್ಕೆ ಬಂದು ಮುಖ ತೋರಿಸು. ಎರಡೂ ಕಾಲಿಗೆ ಶೂ ಹಾಕ್ಕೊಂಡು ಬಾ."

೪. ಹೇಗೆ ಎದ್ದಿರಿ

ಹೋದೆ. ಮೊದಲು ಮೆಲ್ಬರ್ನ್, ಏಕೆಂದರೆ ನನ್ನ ಒಳ್ಳೆಯ ಶರ್ಟುಗಳು ಫ್ಲಾಟ್‌ಮೇಟ್ ಹತ್ತಿರ ಇದ್ದವು. ಇಬ್ಬರೂ ಬ್ರನ್ಸ್‌ವಿಕ್ ಕಡೆಯ ಟ್ರಾಮ್ ಹತ್ತಿದೆವು. ಅಷ್ಟರಲ್ಲಿ ನನಗೆ ಹಳ್ಳಿಯ ರೂಢಿ ಅಂಟಿತ್ತು. ಪಕ್ಕದ ಸೀಟಿನ ಹೆಂಗಸಿಗೆ ಗುಡ್ ಮಾರ್ನಿಂಗ್ ಹೇಳಿ, ಬೆಳಿಗ್ಗೆ ಹೇಗೆ ಎದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಮಳೆಯ ಬಗ್ಗೆ ಕೇಳಿದೆ. ಮುಂದಿನ ಸ್ಟಾಪಿನಲ್ಲಿ ಇಳಿದಳು.

"ಪಾಪ, ಮನೆ ಹತ್ತಿರವೇ ಇತ್ತು ಅಂತ ಕಾಣತ್ತೆ," ಎಂದೆ.

ಫ್ಲಾಟ್‌ಮೇಟ್ ಕಿಟಕಿಯ ಹೊರಗೆ ತೋರಿಸಿದ. "ಅಲ್ಲೇ ನಿಂತು ಮುಂದಿನ ಟ್ರಾಮಿಗೆ ಕಾಯ್ತಿದ್ದಾಳೆ, ನೋಡು."

ಸಿಡ್ನಿಯಲ್ಲಿ ಹುಷಾರಾಗಿರಬೇಕು ಎಂದುಕೊಂಡೆ. ಆದರೆ ಡಾಕ್ಟರು ಬಾಗಿಲು ತೆರೆದ ತಕ್ಷಣ ಬಾಯಿ ತಾನಾಗಿ ಆಡಿತು. "ನಮಸ್ಕಾರ. ಹೇಗೆ ಎದ್ದಿರಿ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಅಲಾರಂ ಇಟ್ಕೊಂಡು."

ಹುಡುಗಿಯ ತಾಯಿ ಮೊದಲು ನನ್ನ ಕಾಲು ನೋಡಿದರು, ಆಮೇಲೆ ಮುಖ. ಕಾಫಿ ಆಯಿತು. ಡಾಕ್ಟರು, "ಮಗಳ ರಿಸಲ್ಟ್ ಬರಲಿ. ನಾವೂ ಮಾತಾಡ್ಕೋತೀವಿ. ಹೌದೋ ಅಲ್ಲವೋ, ನಾನೇ ಫೋನ್ ಮಾಡಿ ಹೇಳ್ತೀನಿ," ಎಂದರು.

ಹೊರಡುವಾಗ ವರಾಂಡದಲ್ಲಿ ಶೂ ಹಾಕಿಕೊಳ್ಳುತ್ತಿದ್ದೆ. ಹುಡುಗಿ ಬಂದು ನಿಂತಳು.

"ಆ ಫೋಟೋ ನನ್ನ ಹತ್ರ ಇದೆ. ಅದರಲ್ಲಿ ಒಂದು ತಪ್ಪಿದೆ."

"ಏನು?"

"ಶೂ ಸೈಜ್ ಎಷ್ಟು ಅಂತ ಬರೆದೇ ಇಲ್ಲ. ಮತ್ತೆ ಹೆಜ್ಜೆ ಎಷ್ಟು ದೊಡ್ಡದು ಅಂತ ಹೇಗೆ ಹೇಳೋದು?"

ಒಂಬತ್ತು ಎಂದೆ. ವಿಮಾನದಲ್ಲಿ ಜೋಹಾನ್ಸ್‌ಬರ್ಗಿನವರೆಗೆ ಅದನ್ನೇ ಯೋಚಿಸಿದೆ. ಎಂ.ಎಸ್‌ಸಿ.ಯಲ್ಲಿ ನನ್ನ ಗೈಡ್ ಕೂಡ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

೫. ಬಡವ

ನಾನು ಮಾಂಸ ತಿನ್ನುವುದಿಲ್ಲ ಎಂಬುದು ಮನೆಯೊಡತಿಯನ್ನು ಬಹಳ ದಿನದಿಂದ ಕಾಡುತ್ತಿತ್ತು. ಒಂದು ಸಂಜೆ ಅಂಗಡಿಯಲ್ಲಿ ಅವರು ಜೋಳದ ಹಿಟ್ಟು ತೂಗುತ್ತಿದ್ದಾಗ ವಿಚಾರಣೆ ನಡೆಯಿತು.

"ನಿನ್ನ ಅಪ್ಪನಿಗೆ ಎಷ್ಟು ದನ?"

"ಒಂದೂ ಇಲ್ಲ."

"ಎಲ್ಲ ಸತ್ತವಾ?"

"ಇರಲೇ ಇಲ್ಲ. ಅಪ್ಪ ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದರು."

"ಬ್ಯಾಂಕಿನಲ್ಲಿದ್ದೂ ಒಂದು ದನ ಮಾಡಿಕೊಳ್ಳಲಿಲ್ಲ," ಎಂದು ಅವರು ನಿಟ್ಟುಸಿರು ಬಿಟ್ಟರು. ಮರುದಿನ ಬೆಳಿಗ್ಗೆ ನನ್ನ ಬಾಗಿಲ ಮುಂದೆ, ಟೀಚರ್ ಬಡವರಂತೆ ಎಂದು ಊರಿನವರು ಇಟ್ಟುಹೋದ ಕುಂಬಳಕಾಯಿಗಳೂ ಕಾಲು ಕಟ್ಟಿದ ಒಂದು ಕೋಳಿಯೂ ಇದ್ದವು.

ಕೋಳಿಯನ್ನು ವಾಪಸು ಕೊಡಲು ಹೋದಾಗ ಅವರು ಮುಖ್ಯ ವಿಷಯಕ್ಕೆ ಬಂದರು. "ಸಿಡ್ನಿಯಲ್ಲಿ ಹೆಣ್ಣು ನೋಡಿದ್ದೀಯಲ್ಲ, ದನ ಇಲ್ಲದೆ ಹೇಗೆ ಕೇಳಿದೆ?" ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ದನ ಕೊಡುವುದು ಪದ್ಧತಿ. ಎಷ್ಟು ಎಂಬುದನ್ನು ಹಿರಿಯರು ಮಾತಾಡಿ ಗೊತ್ತುಮಾಡುತ್ತಾರೆ. ಗಂಡು ಆ ಕಡೆ ಸುಳಿಯುವಂತಿಲ್ಲ.

"ನಮ್ಮಲ್ಲಿ ಗಂಡಿನ ಕಡೆಯವರು ಕೊಡುವುದಿಲ್ಲ," ಎಂದೆ. "ಎಷ್ಟೋ ಕಡೆ ಹೆಣ್ಣಿನ ಕಡೆಯವರೇ ಕೊಡುತ್ತಾರೆ."

ಅವರ ಕೈಯಲ್ಲಿದ್ದ ಕೋಳಿ ಕೂಡ ಸುಮ್ಮನಾಯಿತು.

"ಮಗಳನ್ನೂ ಕೊಟ್ಟು, ಮೇಲೆ ದನವನ್ನೂ ಕೊಡುತ್ತಾರಾ?"

"ಹೆಚ್ಚು ಕಡಿಮೆ ಹಾಗೇ."

"ಅಯ್ಯೋ ಮಗನೇ," ಎಂದರು. "ನಿಮ್ಮ ಊರಿನ ಗಂಡುಗಳಿಗೆ ಅಂಥದ್ದು ಏನು ಕಾಯಿಲೆ?"

೬. ಹಿರಿಯರ ಮಾತು

ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಫೋನ್ ಹೊಡೆದುಕೊಂಡಿತು. ಸಿಡ್ನಿಯಲ್ಲಿ ಆಗ ರಾತ್ರಿ. ಡಾಕ್ಟರದೇ ಇರಬೇಕು ಎಂದು ಒಗೆಯುತ್ತಿದ್ದ ಬಟ್ಟೆ ಬಿಟ್ಟು ಓಡಿದೆ. ಮನೆಯೊಡತಿ ಆಗಲೇ ರಿಸೀವರ್ ಎತ್ತಿದ್ದರು.

"ಹುಡುಗಿಯ ತಂದೆಯಾ?" ಎಂದರು ಇಂಗ್ಲಿಷಿನಲ್ಲಿ. ನಾನು ಕೈ ಚಾಚಿದೆ. ಅವರು ರಿಸೀವರಿಗೆ ಅಂಗೈ ಅಡ್ಡ ಹಿಡಿದು, "ನೀನು ಮಾತಾಡಬಾರದು. ಇದು ಹಿರಿಯರ ಮಾತು," ಎಂದು ನನಗೆ ಬೆನ್ನು ಹಾಕಿ ನಿಂತರು.

"ಸ್ವಾಮಿ, ಇಲ್ಲಿ ನಾನೇ ಅವನ ತಾಯಿ ಅಂದುಕೊಳ್ಳಿ. ನಿಮಗೆ ಎಷ್ಟು ದನ ಬೇಕು?"

ಲೈನ್ ಚೆನ್ನಾಗಿರಲಿಲ್ಲ. ಆ ಕಡೆ ಡಾಕ್ಟರು ಕೂಗುತ್ತಿದ್ದದ್ದು ಬಾಗಿಲಿನವರೆಗೂ ಕೇಳುತ್ತಿತ್ತು. "ನಾವು ಏನೂ ತಗೊಳ್ಳೋದಿಲ್ಲ, ಮೇಡಂ."

"ಏನೂ ಬೇಡವಾ? ಯಾಕೆ, ಹುಡುಗಿಗೆ ಏನಾಗಿದೆ?"

"ಅವಳಿಗೆ ಏನೂ ಆಗಿಲ್ಲ."

"ಏನೂ ಆಗದ ಹುಡುಗಿಯನ್ನು ಯಾರಾದರೂ ಸುಮ್ಮನೆ ಕೊಡುತ್ತಾರಾ?"

ಸಕ್ಕರೆಗೆ ಬಂದಿದ್ದ ಇಬ್ಬರು ಹೆಂಗಸರು ಹೌದೆಂದು ತಲೆಯಾಡಿಸಿದರು.

"ನನ್ನ ಮಗಳು ಅಂದರೆ ಏನು ಅಂದುಕೊಂಡಿದ್ದೀರಿ ನೀವು?" ಎಂದರು ಡಾಕ್ಟರು.

"ಅದನ್ನೇ ಕೇಳುತ್ತಿದ್ದೇನೆ, ಸ್ವಾಮಿ."

ಆ ಕಡೆ ರಿಸೀವರನ್ನು ಮೇಜಿನ ಮೇಲೆ ಕುಕ್ಕಿದ ಸದ್ದಾಯಿತು. ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮನೆಯೊಡತಿ ಬಿಡಲಿಲ್ಲ. "ನಾವು ಎಂಟು ಕೊಡುತ್ತೇವೆ."

"ನನ್ನ ಹತ್ತಿರ ಎಂಟು ದನ ಇಲ್ಲ," ಎಂದು ಪಿಸುಗುಟ್ಟಿದೆ.

"ನನ್ನ ಹತ್ತಿರ ಇವೆ. ಸುಮ್ಮನಿರು."

ಅಷ್ಟರಲ್ಲಿ ಫೋನಿನಲ್ಲಿ ದನಿ ಬದಲಾಯಿತು. ಹುಡುಗಿ. ನನ್ನನ್ನು ಕೇಳುತ್ತಿದ್ದಳು. ಮನೆಯೊಡತಿ ಸ್ವಲ್ಪ ಯೋಚಿಸಿದರು. ಹೆಣ್ಣೇ ಫೋನ್ ತೆಗೆದುಕೊಂಡರೆ ಏನು ಮಾಡಬೇಕೆಂದು ಪದ್ಧತಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ರಿಸೀವರ್ ಕೊಟ್ಟರು.

"ಏನು ನಡೀತಿದೆ ಅಲ್ಲಿ? ಅಪ್ಪ ಎದ್ದು ರೂಮಿಗೆ ಹೋಗ್ಬಿಟ್ರು."

ಲೈನ್ ಕಡಿದುಹೋಗುವ ಮೊದಲು ಎಲ್ಲವನ್ನೂ ಹೇಳಿದೆ. ಇಲ್ಲಿನ ಪದ್ಧತಿ, ಮನೆಯೊಡತಿ, ಎಂಟು ದನ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಎಂಟು ಅನ್ನೋದು ಡಿಗ್ರಿ ಸೇರಿಸಿಯಾ, ಸೇರಿಸದೇನಾ? ಕೇಳಿ," ಎಂದಳು.

ಮನೆಯೊಡತಿಯನ್ನು ಕೇಳಿದೆ. ಅವರು ಹಣೆ ಚಚ್ಚಿಕೊಂಡರು. "ಓದಿದ ಹುಡುಗಿ ಅಂತ ಮೊದಲೇ ಹೇಳಬಾರದಾ? ಓದಿದವಳಿಗೆ ಹತ್ತು."

"ಹತ್ತಂತೆ," ಎಂದೆ.

"ಹಾಗಾದ್ರೆ ನನಗೆ ಒಪ್ಪಿಗೆ. ದನ ಏನೂ ಬೇಡ. ಆದ್ರೆ ಬೇಡ ಅಂತ ಅವರಿಗೆ ಈಗಲೇ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ."

ಹೇಳಲ್ಲ ಎಂದೆ. ಆಗ ಲೈನಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಡಾಕ್ಟರು ಬೆಡ್‌ರೂಮಿನ ಇನ್ನೊಂದು ಫೋನ್ ಎತ್ತಿಕೊಂಡು ಅಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದರು.

"ಫಸ್ಟ್ ಕ್ಲಾಸ್ ಆನರ್ಸ್ ಅಂತ ಹೇಳಲೇ ಇಲ್ವಲ್ಲಮ್ಮಾ," ಎಂದರು. "ಹನ್ನೆರಡು ಕೇಳು."