ಅವ್ವನ ಪಾಲಿನ ನೀರು

ನೀರು ಕುಡಿಯುವುದೂ ಒಂದು ವಿದ್ಯೆ ಎಂಬುದು ಐವತ್ತೆರಡು ವರ್ಷ ನನಗೆ ಗೊತ್ತೇ ಇರಲಿಲ್ಲ. ಬೆಳಗಾವಿಯಿಂದ ಖಾನಾಪುರದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ ನಾನು. ನೀರು ಕುಡಿದರೆ ಆಮೇಲಿನ ಗತಿ ಏನು? ನಡುದಾರಿಯಲ್ಲಿ ಬಸ್ಸು ನಿಲ್ಲಿಸೆಂದು ಕಂಡಕ್ಟರನ ಮುಂದೆ ಹಲ್ಲು ಗಿಂಜಬೇಕು. ಆದ್ದರಿಂದ ಎರಡು ಕಪ್ ಚಹಾದ ಮೇಲೆಯೇ ದಿನ ನೂಕುತ್ತಿದ್ದೆ. ಬಾಯಿ ಒಣಗುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಮೂತ್ರ ಕುಸುಬೆ ಎಣ್ಣೆಯ ಬಣ್ಣಕ್ಕಿಳಿಯುವುದು, ಇವೆಲ್ಲ ವಯಸ್ಸು ಕೊಡುವ ಮರ್ಯಾದೆ ಎಂದುಕೊಂಡಿದ್ದೆ. ಕೊನೆಗೆ ಕಿಡ್ನಿಯಲ್ಲಿ ಹರಳು ಕಾಣಿಸಿಕೊಂಡಿತು. ಡಾಕ್ಟರು ದಿನಕ್ಕೆ ಮೂರು ಲೀಟರ್ ಕುಡಿಯಿರಿ ಎಂದರು.

ಅದೇ ವಾರ ಅದೇ ಡಾಕ್ಟರು ನನ್ನ ಅವ್ವನಿಗೆ ಹೃದಯ ಸೋತಿದೆ ಎಂದರು. ಕಾಲು ಬಾತಿದ್ದವು. ದಿನಕ್ಕೆ ಒಂದೇ ಲೀಟರ್, ಮೀರಿದರೆ ಉಸಿರಾಟಕ್ಕೆ ತೊಂದರೆ. ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಮೇಜಿನ ಮೇಲೆ ಹೆಂಡತಿ ನನ್ನ ಮೂರು ಬಾಟಲಿ, ಅವ್ವನದೊಂದು ಬಾಟಲಿ ಸಾಲಾಗಿ ನಿಲ್ಲಿಸಿದಳು. ನಾನು ಕಷಾಯದಂತೆ ಮುಖ ಕಿವುಚಿ ಕುಡಿಯುವಾಗ ಅವ್ವ ಎದುರಿಗೆ ಕುಳಿತು ನನ್ನ ಗಂಟಲನ್ನೇ ನೋಡುತ್ತಿದ್ದಳು.

"ತಂಪ ಐತೇನೋ?"

"ಐತಿ."

"ಸಾವಕಾಶ ಕುಡಿ. ನೋಡತೀನಿ."

ಉಳಿದವರ ಮನೆಯಲ್ಲಿ ಮುದುಕಿಯರು ಧಾರಾವಾಹಿ ನೋಡುತ್ತಾರೆ, ನಮ್ಮವ್ವ ನನ್ನನ್ನು ನೋಡುತ್ತಿದ್ದಳು. ಆಕೆಯ ಕಾವಲೂ ನನ್ನದೇ. ಬಚ್ಚಲಿಗೆ ಹೋದರೂ ಬಿಡದೆ, "ಅವ್ವಾ, ಬಾಯಿ ಮುಕ್ಕಳಿಸಿದ್ದು ಉಗುಳಿದೇನು?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೀಗೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಮಗಳ ಲಗ್ನ ಗೊತ್ತಾಯಿತು. ಖಾನಾಪುರದಲ್ಲಿ ನಮ್ಮ ಬಳಗದ ಒಂಬತ್ತು ಮನೆ. ಅಲ್ಲಿಗೆ ಹಿರಿಯರೇ ಹೋಗಿ ಕರೆಯಬೇಕು. ಹೋದವರು ಚಪ್ಪಲಿ ಬಿಡುವುದರೊಳಗೆ ನೀರು ಬರುತ್ತದೆ. ಕರೆಯಲು ಬಂದವರು ಆ ನೀರು ಮುಟ್ಟದಿದ್ದರೆ ಕರೆದದ್ದು ಮನಸ್ಸಿನಿಂದಲ್ಲ ಎಂದೇ ಅರ್ಥ. ಡಾಕ್ಟರು ಬೇಡವೆಂದಿದ್ದಾರೆ ಅಂತ ಹೇಳಿಬಿಡೋಣ ಎಂದೆ.

"ಮೊಮ್ಮಗಳ ಲಗ್ನಕ್ಕ ಕರಿಯಾಕ ಹೋಗಿ ನನ್ನ ಬ್ಯಾನಿ ಹೇಳಕೋತ ಕುಂದರಲೇನು?" ಎಂದು ಅವ್ವ ಗದರಿದಳು. "ಯಾರಿಗೂ ಹೇಳೂದಿಲ್ಲ ನಾ."

ಕಡೆಗೆ ಒಪ್ಪಂದವಾಯಿತು. ಅವ್ವ ಲೋಟವನ್ನು ತುಟಿಗೆ ತಾಗಿಸಬೇಕು. ಮನೆಯವರು ಲಗ್ನಪತ್ರಿಕೆ ಓದುವಾಗ ನನ್ನ ಕೈಗೆ ದಾಟಿಸಬೇಕು. ನಾನು ನನ್ನದರ ಜೊತೆ ಅದನ್ನೂ ಮುಗಿಸಬೇಕು. ಮೂರು ಲೀಟರಿನ ಗಂಡಸಿಗೆ ಇದು ಯಾವ ಲೆಕ್ಕ ಎಂಬ ಜಂಬದಲ್ಲಿ, ಹೆಂಡತಿ ಕೊಟ್ಟ ಬಾಟಲಿಯನ್ನೂ ಬಸ್ಸಿನಲ್ಲೇ ಖಾಲಿ ಮಾಡಿದೆ.

ಮೂರು ಮನೆ ಹೂವೆತ್ತಿದಂತೆ ಮುಗಿದವು. ನಾಲ್ಕನೆಯ ಮನೆಯ ಮೆಟ್ಟಿಲಿಳಿಯುವಾಗ ನನ್ನ ಹೊಟ್ಟೆಯೊಳಗಿನ ಸದ್ದು ಅವ್ವನಿಗೂ ಕೇಳಿಸಿತು. ಆರನೆಯ ಮನೆಯ ಬಚ್ಚಲಲ್ಲಿ ನೋಡಿಕೊಂಡರೆ ಮೂತ್ರ ನಲ್ಲಿಯ ನೀರಿನಷ್ಟೇ ತಿಳಿ. ಬೆರಳು ಬಾತು ಉಂಗುರ ಬಿಗಿಯಿತು, ತಲೆ ಸಿಡಿಯತೊಡಗಿತು, ವಾಕರಿಕೆ ಬಂತು. ಎಂಟನೆಯದು ನಮ್ಮ ಕಾಕೂನ, ಅಂದರೆ ಚಿಕ್ಕಪ್ಪನ ಹೆಂಡತಿಯ ಮನೆ. ಅಲ್ಲಿಯ ಎರಡು ಲೋಟವೂ ಒಳಗೆ ಹೋದವು.

"ಅಳಿಯಾ ಏನ ಕೆಲಸಾ ಮಾಡತಾನೋ?" ಎಂದು ಕಾಕೂ ಕೇಳಿದಳು.

"ಖಾನಾಪುರದಾಗ ಗುಮಾಸ್ತ. ಕಿಡ್ನ್ಯಾಗ ಹರಳ ಅದಾವು," ಎಂದೆ.

"ಲಗ್ನ ಯಾವಾಗ?"

"ಆಗಿ ಇಪ್ಪತ್ತೆಂಟ ವರ್ಷ ಆತು."

ಕಾಕೂಗೆ ಗಾಬರಿಯಾಯಿತು. "ಪಾಪ, ಇವಂಗ ಬಿಸಲ ಬಡದೈತಿ. ನೀರ ತರ್ರಿ," ಎಂದು ಒಳಗೆ ಕೂಗಿದಳು. ತುಂಬಿದ ತಂಬಿಗೆ ಬಂತು. ಕಡಿಮೆ ಕುಡಿದರೂ ತಲೆ ಕೆಡುತ್ತದೆ, ಹೆಚ್ಚು ಕುಡಿದರೂ ಕೆಡುತ್ತದೆ. ನೋಡುವವರಿಗೆ ಎರಡೂ ಒಂದೇ. ನಾಲಿಗೆ ಹೊರಳದ ನಾನು ತಂಬಿಗೆ ಎತ್ತಿದೆ. ಅವ್ವ ಎದ್ದುಬಂದು ಕಿತ್ತುಕೊಂಡಳು.

"ಸಾಕ ಮಾಡ್ರಿ. ಮುಂಜಾನಿಂದ ಹದಿನಾರ ಲೋಟಾ ಕುಡದಾನ. ಅದರಾಗ ಎಂಟ ನನ್ನವು. ನನಗ ಎದಿ ಬ್ಯಾನಿ ಐತಿ, ನೀರ ಕುಡಿಯೂ ಹಂಗಿಲ್ಲ."

ಯಾರಿಗೂ ಹೇಳುವುದಿಲ್ಲ ಎಂದಿದ್ದ ಅವ್ವ ನನಗಾಗಿ ತುಂಬಿದ ಮನೆಯಲ್ಲಿ ಹೇಳಿಬಿಟ್ಟಳು. ಕಾಕೂ ಸಿಟ್ಟಾಗಲಿಲ್ಲ. "ಮೊದಲ ಹೇಳಬಾರದೇನ ಅಕ್ಕಾ? ನನಗೂ ಡಾಕ್ಟರು ದಿನಕ್ಕ ಒಂದೂವರಿ ಲೀಟರ ಅಷ್ಟ ಅಂದಾರ," ಎಂದಳು. ಒಂಬತ್ತನೆಯ ಮನೆಯವರನ್ನು ನಮ್ಮ ಪರವಾಗಿ ಆಕೆಯೇ ಕರೆದುಬಂದಳು.

ನನ್ನನ್ನು ಒಂದು ದಿನ ಆಸ್ಪತ್ರೆಯಲ್ಲಿ ಮಲಗಿಸಿದರು. "ಮೂರು ಲೀಟರ್ ಅಂದದ್ದು ಇಡೀ ದಿನಕ್ಕರೀ, ಒಂದ ಮುಂಜಾನಿಗೆ ಅಲ್ಲ. ರಕ್ತದಾಗಿನ ಉಪ್ಪು ಕಡಿಮಿ ಆಗೇತಿ," ಎಂದ ಡಾಕ್ಟರು, ಇನ್ನೆರಡು ದಿನ ಅಳೆದು ಕುಡಿಯಲು ಹೇಳಿ ಕಳಿಸಿದರು. ಮೇಜಿನ ಮೇಲೆ ಈಗ ನನಗೂ ಒಂದೇ ಬಾಟಲಿ.

ಮರುದಿನ ಮಧ್ಯಾಹ್ನಕ್ಕೇ ಅದು ಮುಗಿದಿತ್ತು. ಬೇಡವೆಂದ ಮೇಲೆ ನೀರಿಗೆ ಇಷ್ಟು ರುಚಿ ಎಲ್ಲಿಂದ ಬರುತ್ತದೋ. ಹೆಂಡತಿ ಪೇಟೆಗೆ ಹೋಗಿದ್ದಳು. ಅಡುಗೆಮನೆಗೆ ಹೋಗಿ ಸದ್ದಾಗದಂತೆ ಕೊಡದ ಮುಚ್ಚಳ ಸರಿಸಿದೆ. ತಿರುಗಿದರೆ ಅವ್ವ.

ಬೈಸಿಕೊಳ್ಳಲು ತಲೆ ತಗ್ಗಿಸಿದೆ. ಅವ್ವ ಬೈಯಲಿಲ್ಲ. ಹೋಗಿ ತನ್ನ ಬಾಟಲಿ ತಂದಳು. ತಳದಲ್ಲಿ ನಾಲ್ಕು ಬೆರಳಿನಷ್ಟು ನೀರಿತ್ತು, ಸಂಜೆಯವರೆಗೆ ಅವಳಿಗೆ ಅಷ್ಟೇ.

"ಕೊಡಕ್ಕ ಬಾಯಿ ಹಚ್ಚಿದ್ರ ನೀ ತಡಿಯಾಂವ ಅಲ್ಲ. ಇದರಾಗ ಎರಡ ಗುಟುಕ ತಗೋ, ಹೋಗು," ಎಂದಳು.

ಎರಡು ಎಂದಿದ್ದಳು. ನಾನು ನಾಲ್ಕು ಕುಡಿದೆ.